ಫಿಟ್ಸ್ ಬಾರದ ದಿನಗಳ ಲೆಕ್ಕ: ಬ್ರಿಟನ್ನಿನ ಅಂಗವೈಕಲ್ಯ ಭತ್ಯೆ ಮತ್ತು 2017ರ ತೀರ್ಪು

ಮೂರ್ಛೆರೋಗವಿರುವವರು ಭತ್ಯೆಯ ಪರೀಕ್ಷೆಗೆ ಬಂದ ದಿನ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತಾರೆ. ನಡೆಯುತ್ತಾರೆ, ಮಾತಾಡುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಫಿಟ್ಸ್ ತಿಂಗಳಿಗೆ ಎರಡೋ ಮೂರೋ ಸಲ ಬರುತ್ತದೆ ಎಂದಿಟ್ಟುಕೊಳ್ಳೋಣ. ಉಳಿದ ದಿನಗಳಲ್ಲಿ ಅವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು? ಬ್ರಿಟನ್ನಿನ ‘ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್’, ಅಂದರೆ ಪಿಪ್ ಭತ್ಯೆ, ಎಡವಿದ್ದು ಇಲ್ಲೇ.

ಪಿಪ್ ಜಾರಿಗೆ ಬಂದದ್ದು 2013ರ ಏಪ್ರಿಲ್‌ನಲ್ಲಿ. ಅದರಲ್ಲಿ ರೋಗದ ಹೆಸರಿಗೆ ಅಂಕವಿಲ್ಲ. ದಿನನಿತ್ಯದ 10 ಮತ್ತು ಓಡಾಟದ 2 ಚಟುವಟಿಕೆಗಳಲ್ಲಿ ಪಡುವ ಕಷ್ಟಕ್ಕೆ ಅಂಕ. ಯಾವುದೇ ಒಂದು ವಿಭಾಗದಲ್ಲಿ 8 ಅಂಕ ಬಂದರೆ ಸಾಧಾರಣ ದರ, 12 ಬಂದರೆ ಹೆಚ್ಚಿನ ದರ. ಸುರಕ್ಷಿತವಾಗಿ ಮಾಡಲಾಗದ ಕೆಲಸವನ್ನು ಮಾಡಲಾಗದ ಕೆಲಸವೆಂದೇ ಎಣಿಸಬೇಕು. ಆ ಸ್ಥಿತಿ ಅರ್ಧಕ್ಕಿಂತ ಹೆಚ್ಚು ದಿನ ಇರಬೇಕೆಂಬುದು ಇನ್ನೊಂದು ನಿಯಮ. ಹಾನಿಯಾಗುವ ಸಂಭವ ಆಗದಿರುವ ಸಂಭವಕ್ಕಿಂತ ಹೆಚ್ಚಿದ್ದರೆ ಮಾತ್ರ ಅಸುರಕ್ಷಿತ ಎಂದು ಭತ್ಯೆ ಕೊಡುವ ಸರ್ಕಾರಿ ಇಲಾಖೆ ಅರ್ಥ ಮಾಡಿತು. ತಿಂಗಳಿಗೆರಡು ಸಲ ಫಿಟ್ಸ್ ಬರುವವರು ಒಲೆಯ ಮುಂದೆ ನಿಂತ ಆ ಗಳಿಗೆಯಲ್ಲೇ ಬೀಳುವ ಸಂಭವ ಕಡಿಮೆ, ಆದ್ದರಿಂದ ಅಂಕವಿಲ್ಲ.

2017ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯಾದ ಅಪ್ಪರ್ ಟ್ರಿಬ್ಯುನಲ್ ಈ ಅರ್ಥವನ್ನು ತಳ್ಳಿಹಾಕಿತು. ಹಾನಿ ಎಷ್ಟು ಸಲ ಆಗಬಹುದು ಎಂಬುದರ ಜೊತೆಗೆ, ಆದರೆ ಎಷ್ಟು ಘೋರವಾದೀತು ಎಂಬುದನ್ನೂ ತೂಗಬೇಕು. ಕಡೆಗಣಿಸಲಾಗದ ನಿಜವಾದ ಸಾಧ್ಯತೆ ಇದ್ದರೆ ಸಾಕು ಎಂಬುದು ತೀರ್ಪಿನ ಸಾರ. ಇಲ್ಲಿಂದ ದಿನಗಳ ಲೆಕ್ಕವೂ ಬದಲಾಯಿತು. ಫಿಟ್ಸ್ ಯಾವಾಗ ಬರುತ್ತದೆಂದು ಗೊತ್ತಿಲ್ಲದವರಿಗೆ ಕುದಿಯುವ ಎಣ್ಣೆ, ತುಂಬಿದ ಸ್ನಾನದ ತೊಟ್ಟಿ ಅಪಾಯಕಾರಿಯಾಗಿರುವುದು ಬಿದ್ದ ದಿನ ಮಾತ್ರವಲ್ಲ, ಪ್ರತಿದಿನ. ಅದೇ ವರ್ಷ ನವೆಂಬರ್‌ನಲ್ಲಿ ಸರ್ಕಾರ ತೀರ್ಪನ್ನು ಒಪ್ಪಿತು. ಸುಮಾರು 10,000 ಜನರಿಗೆ ಅನುಕೂಲವಾಗಬಹುದೆಂದು ಅಂದಾಜಿಸಿತು.

ಆದರೂ ಅಂಕಪಟ್ಟಿಯನ್ನು ಕೂಡಿ ನೋಡಿದರೆ ಕೊರತೆ ಕಾಣುತ್ತದೆ. ಅಡುಗೆಗೆ ಮೇಲ್ವಿಚಾರಣೆ ಬೇಕಿದ್ದರೆ 4 ಅಂಕ, ಸ್ನಾನಕ್ಕೆ 2, ಔಷಧಿಯ ನಿಗಾಕ್ಕೆ 1. ಒಟ್ಟು 7. ಮೂರಕ್ಕೂ ಪಕ್ಕದಲ್ಲಿ ಒಬ್ಬರು ಇರಲೇಬೇಕು, ಭತ್ಯೆಗೆ ಮಾತ್ರ ಒಂದು ಅಂಕ ಸಾಲದು! ಪರಿಚಿತ ದಾರಿಯಲ್ಲೂ ಒಬ್ಬರೇ ಹೋಗಲಾಗದಿದ್ದರೆ ಓಡಾಟದ ವಿಭಾಗದಲ್ಲಿ 12 ಅಂಕವಿದೆ, ನಿಜ. ಆದರೆ ಅದು ಭತ್ಯೆಯ ಬೇರೆಯೇ ಭಾಗ. ತೀರ್ಪು ನಿಯಮದ ಅರ್ಥವನ್ನು ತಿದ್ದಿತೇ ಹೊರತು ಅಂಕಗಳನ್ನು ಮುಟ್ಟಲಿಲ್ಲ.

ಇನ್ನು ನಮ್ಮಲ್ಲಿ, ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಮೂರ್ಛೆರೋಗದ ಹೆಸರೇ ಇಲ್ಲ. ಮೀಸಲಾತಿಯಂಥ ಸವಲತ್ತುಗಳಿಗೆ ಆ ಕಾಯ್ದೆಯಡಿ ಬೇಕಾದದ್ದು ಕನಿಷ್ಠ ಶೇಕಡಾ 40ರ ವೈಕಲ್ಯ. ಫಿಟ್ಸ್‌ಗಳ ನಡುವಿನ ದಿನಗಳ ಅಪಾಯವನ್ನು ಹೇಗೆ ಎಣಿಸಬೇಕೆಂಬ ಪ್ರಶ್ನೆಗೆ ಈ ಶೇಕಡಾವಾರು ಅಳತೆಯಲ್ಲಿ ಜಾಗವಿಲ್ಲ.