ಹಕ್ಕಲಾಯಲು ಬಂದ ಸೊಸೆ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ ದೇವರಾಯಸಮುದ್ರ ಅಂತ ಒಂದು ಊರು. ಹೊಸಬರಿಗೆ ನಗು ಬರಬಹುದು, ಈ ಒಣ ಸೀಮೆಯಲ್ಲಿ ಎಲ್ಲಿಯ ಸಮುದ್ರ ಅಂತ! ನಮ್ಮ ಹಿರಿಯರು ದೊಡ್ಡ ಕೆರೆಗಳನ್ನೇ ಸಮುದ್ರ ಅಂತ ಕರೆದವರು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ಇದು. ಕೆರೆ ತುಂಬಿದರೆ ಊಟ, ಇಲ್ಲದಿದ್ದರೆ ಗುಳೆ. ಬೈಬಲ್ಲಿನ ರೂತಳ ಕಥೆ ಓದುವಾಗೆಲ್ಲ ನನಗೆ ಈ ಸೀಮೆಯೇ ಕಣ್ಣಿಗೆ ಕಟ್ಟುತ್ತದೆ. ಅದು ಶುರುವಾಗುವುದೇ ಬರದಿಂದ.

ಇಸ್ರಾಯೇಲಿನಲ್ಲಿ ಇನ್ನೂ ಅರಸರಿರಲಿಲ್ಲ, ನ್ಯಾಯಸ್ಥಾಪಕರು ಆಳುತ್ತಿದ್ದ ಕಾಲ. ಬೆತ್ಲೆಹೇಮ್ ಎಂದರೆ 'ರೊಟ್ಟಿಯ ಮನೆ'. ಆ ಊರಲ್ಲೇ ರೊಟ್ಟಿಗೆ ಗತಿಯಿಲ್ಲದೆ ಎಲೀಮೆಲೆಕ, ಹೆಂಡತಿ ನೊವೊಮಿ, ಮಕ್ಕಳಾದ ಮಹ್ಲೋನ್ ಮತ್ತು ಕಿಲ್ಯೋನರ ಜೊತೆ ಮೃತ ಸಮುದ್ರದ ಆಚೆಯ ಮೋವಾಬಿಗೆ ಗುಳೆ ಹೋದ. ಅಲ್ಲೇ ತೀರಿಕೊಂಡ. ಮಕ್ಕಳು ಅಲ್ಲಿನ ಹುಡುಗಿಯರನ್ನೇ ಮದುವೆಯಾದರು. ಮಹ್ಲೋನನ ಹೆಂಡತಿ ರೂತ್, ಕಿಲ್ಯೋನನ ಹೆಂಡತಿ ಒರ್ಫಾ. ಹತ್ತು ವರ್ಷದಲ್ಲಿ ಗಂಡುಮಕ್ಕಳಿಬ್ಬರೂ ಸತ್ತು, ಮನೆಯಲ್ಲಿ ಉಳಿದದ್ದು ಮೂವರು ವಿಧವೆಯರು.

ಅತ್ತೆ ಊರಿಗೆ ಹೊರಟಾಗ ಸೊಸೆಯರಿಗೆ, ನಿಮ್ಮ ನಿಮ್ಮ ತಾಯಿಯ ಮನೆಗೆ ಹೋಗಿ ಎನ್ನುತ್ತಾಳೆ. ಗಮನಿಸಿ, ತಂದೆಯ ಮನೆಯಲ್ಲ, ತಾಯಿಯ ಮನೆ. ನಮ್ಮ 'ತವರು' ಅಂತಲೇ ನಾನು ಓದಿಕೊಳ್ಳುತ್ತೇನೆ. ಒರ್ಫಾ ಅತ್ತು ಹಿಂದಿರುಗಿದಳು. ಅದರಲ್ಲಿ ತಪ್ಪೇನಿಲ್ಲ, ಅತ್ತೆಯೇ ಹೇಳಿದ್ದು. ರೂತಳು ಮಾತ್ರ ಬಿಡಲಿಲ್ಲ.

ಈ ರೂತಳ ಅಪ್ಪ ಅಮ್ಮ ಯಾರು? ಪಕ್ಕದ ಆವನಿಯಲ್ಲಿ ಲವಕುಶರನ್ನು ಹೆತ್ತಳೆಂದು ಜನ ನಂಬುವ ಸೀತೆಗೆ ಜನಕನ ಹೆಸರಾದರೂ ಇದೆ. ರೂತಳ ಹೆತ್ತವರ ಹೆಸರು ಬೈಬಲ್ಲಿನಲ್ಲಿಲ್ಲ. ಮುಂದೆ ಬಂದ ಯೆಹೂದಿ ಕಥೆಗಳು ಅವಳನ್ನು ಮೋವಾಬಿನ ಅರಸ ಎಗ್ಲೋನನ ವಂಶಕ್ಕೆ ಸೇರಿಸಿದವು. ಬಡವಿಯನ್ನು ರಾಜಕುಮಾರಿ ಮಾಡುವ ಆಸೆ ಎಲ್ಲ ಕಡೆಯೂ ಇದ್ದದ್ದೇ. ಮೋವಾಬ್ಯರು ಲೋಟನ ಹಿರಿಮಗಳ ಸಂತತಿ ಎನ್ನುತ್ತದೆ ಆದಿಕಾಂಡ. 1868ರಲ್ಲಿ ಜೋರ್ಡಾನ್ ಸೀಮೆಯ ದೀಬಾನಿನಲ್ಲಿ ಸಿಕ್ಕ ಮೇಷ ಅರಸನ ಕಲ್ಲುಶಾಸನ (ಕ್ರಿ.ಪೂ. 9ನೇ ಶತಮಾನ) ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರ ಮೋವಾಬಿ ಭಾಷೆ ಹೀಬ್ರೂವಿಗೆ ತೀರ ಹತ್ತಿರ. ಅತ್ತೆ ಸೊಸೆಯರಿಗೆ ಮಾತು ತೊಡಕಾಗಿರಲಿಕ್ಕಿಲ್ಲ. ತೊಡಕಿದ್ದದ್ದು ಕುಲದ್ದು. ಮೋವಾಬ್ಯರನ್ನು ಹತ್ತು ತಲೆಮಾರಾದರೂ ಸಭೆಗೆ ಸೇರಿಸಬಾರದು ಎಂದು ಧರ್ಮೋಪದೇಶಕಾಂಡದಲ್ಲೇ ಬರೆದಿದೆ!

ಇಬ್ಬರೂ ಊರು ಸೇರಿದ್ದು ಜವೆಗೋದಿಯ ಸುಗ್ಗಿ ಶುರುವಾದಾಗ. ರೂತಳು ಹಕ್ಕಲಾಯಲು ಹೋದಳು. ಕುಯ್ದಾದ ಮೇಲೆ ಹೊಲದಲ್ಲಿ ಉಳಿಯುವ ತೆನೆ ಹಕ್ಕಲು. ಕನ್ನಡ ಬೈಬಲ್ಲಿನಲ್ಲೂ ಇದೇ ಪದ. ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬುದು ಅಲ್ಲಿ ಕಟ್ಟಳೆ, ಭಿಕ್ಷೆಯಲ್ಲ, ಹಕ್ಕು. ಹೊಲದ ಯಜಮಾನ ಬೋವಜ ಎಲೀಮೆಲೆಕನ ಬಂಧು. ಬೇಕೆಂದೇ ತೆನೆ ಬಿಡಿರೆಂದು ಆಳುಗಳಿಗೆ ಹೇಳಿದ. ಸಂಜೆಗೆ ಬಡಿದು ನೋಡಿದರೆ ಒಂದು ಏಫಾ, ಅಂದರೆ ಸುಮಾರು 22 ಲೀಟರ್ ಜವೆಗೋದಿ.

ಮುಂದೆ ಕಣದಲ್ಲಿ ರಾತ್ರಿ ಅವಳೇ ಹೋಗಿ ಆಸರೆ ಕೇಳಿದಳು. ಇನ್ನೂ ಹತ್ತಿರದ ಬಂಧುವೊಬ್ಬ, ತನ್ನ ಆಸ್ತಿಗೆ ನಷ್ಟವೆಂದು ಹಿಂದೆ ಸರಿದ. ಬೋವಜ ಮದುವೆಯಾದ. ಅವರ ಮಗ ಓಬೇದ, ಅವನ ಮಗ ಇಷಯ, ಇಷಯನ ಮಗ ಅರಸ ದಾವೀದ. ಮತ್ತಾಯನ ಸುವಾರ್ತೆಯ ಯೇಸುವಿನ ವಂಶಾವಳಿಯಲ್ಲಿ ರೂತಳ ಹೆಸರಿದೆ. ಬೋವಜನ ತಾಯಿ ರಾಹಾಬಳೆಂದೂ ಅಲ್ಲಿದೆ, ಅಂದರೆ ಅತ್ತೆಯೂ ಹೊರಗಿನವಳೇ. ಅನ್ಯಕುಲದ ಹೆಂಡಿರನ್ನು ಹೊರಹಾಕಿಸಿದ ಎಜ್ರನ ಕಾಲಕ್ಕೆ ಉತ್ತರವಾಗಿ ಈ ಪುಸ್ತಕ ಹುಟ್ಟಿತೆಂದು ಹಲವು ವಿದ್ವಾಂಸರ ಅಭಿಪ್ರಾಯ.

ಬರ ಅಂದರೆ ನಮಗೂ ಗೊತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಹೆಚ್ಚು. 1876-78ರ ಬರ ಕಳೆದು 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 42 ಲಕ್ಷ. ಆಗ ಗುಳೆ ಹೋದ ಹೆಂಗಸರ ವಂಶಾವಳಿ ಯಾರೂ ಬರೆದಿಡಲಿಲ್ಲ. ಅವರಲ್ಲಿ ಎಷ್ಟು ರೂತರಿದ್ದರೋ...

ನಿಮ್ಮ ಕಡೆ ಹಕ್ಕಲಿಗೆ ಏನಂತಾರೆ? ಈಗಲೂ ಬಿಡ್ತಾರಾ?