ಅಂತರಿಕ್ಷದ ಹೊಸ್ತಿಲಿಗೆ ಕ್ಯಾಮೆರಾ: ಹವ್ಯಾಸಿಗಳ ಬಲೂನು ಯಾನ

ಮೇಲೆ ಕಡುಗಪ್ಪು ಆಕಾಶ, ಕೆಳಗೆ ತೆಳು ನೀಲಿ ಪೊರೆಯಂತೆ ಭೂಮಿಗೆ ಅಂಟಿಕೊಂಡ ವಾಯುಮಂಡಲ, ಬಿಲ್ಲಿನಂತೆ ಬಾಗಿದ ದಿಗಂತ. ಇಂಥದೊಂದು ಛಾಯಾಚಿತ್ರಕ್ಕೆ ರಾಕೆಟ್ಟೇ ಬೇಕು, ರಾಕೆಟ್ಟಿಗೆ ಸರಕಾರವೊಂದರ ಬೊಕ್ಕಸವೇ ಬೇಕು ಎಂಬ ನಂಬಿಕೆ ಬಹುಕಾಲ ಉಳಿದಿತ್ತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು 2009ರ ಸೆಪ್ಟೆಂಬರ್ 2ರಂದು ಕೇವಲ 148 ಡಾಲರ್ ವೆಚ್ಚದಲ್ಲಿ ಈ ನಂಬಿಕೆಯನ್ನು ಹುಸಿಯಾಗಿಸಿದರು. ಹವಾಮಾನ ಬಲೂನು, ಥರ್ಮೋಕೋಲ್ ಪೆಟ್ಟಿಗೆ, ಅಂಗಡಿಯಲ್ಲಿ ದೊರೆಯುವ ಪುಟ್ಟ ಕ್ಯಾಮೆರಾ ಹಾಗೂ ಜಿಪಿಎಸ್ ಇರುವ ಮೊಬೈಲ್ ಫೋನ್ ಇವಿಷ್ಟೇ ಅವರ ಸಲಕರಣೆ. ಪೆಟ್ಟಿಗೆ ಸುಮಾರು 28 ಕಿ.ಮೀ. ಎತ್ತರಕ್ಕೆ ಏರಿ, ಚಿತ್ರಗಳೊಡನೆ ಸುರಕ್ಷಿತವಾಗಿ ನೆಲಕ್ಕೆ ಮರಳಿತು.

ಅಂದಿನಿಂದ ಶಾಲಾ ಮಕ್ಕಳು, ಹ್ಯಾಮ್ ರೇಡಿಯೋ ಆಸಕ್ತರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೀಗೆ ಅನೇಕರು ಈ ಹಾದಿ ಹಿಡಿದಿದ್ದಾರೆ. ಖರ್ಚು ಕಡಿಮೆ ಎಂದ ಮಾತ್ರಕ್ಕೆ ಇದು ಮಕ್ಕಳಾಟವಲ್ಲ. ಈ ಬಲೂನು ಏರುವ ಹಾಗೂ ಇಳಿಯುವ ದಾರಿಯಲ್ಲಿಯೇ ಪ್ರಯಾಣಿಕ ವಿಮಾನಗಳೂ ಸಂಚರಿಸುತ್ತವೆ.

ಎಲ್ಲಿದೆ ಈ ಹೊಸ್ತಿಲು?

ಸಮುದ್ರ ಮಟ್ಟದಿಂದ 100 ಕಿ.ಮೀ. ಎತ್ತರದಲ್ಲಿರುವ ಕಾರ್ಮನ್ ರೇಖೆಯನ್ನು ಬಾಹ್ಯಾಕಾಶದ ಗಡಿ ಎಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಸುಮಾರು 20 ಕಿ.ಮೀ.ನಿಂದ ಈ ರೇಖೆಯವರೆಗಿನ ಪ್ರದೇಶಕ್ಕೆ ಸಮೀಪ ಅಂತರಿಕ್ಷ ಎಂಬ ಹೆಸರು ಬಳಕೆಯಲ್ಲಿದೆ. ಹವ್ಯಾಸಿಗಳ ಬಲೂನುಗಳು ಸಾಮಾನ್ಯವಾಗಿ 25ರಿಂದ 35 ಕಿ.ಮೀ. ಎತ್ತರವನ್ನು ಮುಟ್ಟುತ್ತವೆ. ಅಂದರೆ ಇವು ಬಾಹ್ಯಾಕಾಶಕ್ಕೆ ಹೋಗುವುದಿಲ್ಲ. ಆದರೆ 30 ಕಿ.ಮೀ. ಎತ್ತರದಲ್ಲಿ ವಾಯುಮಂಡಲದ ಶೇ. 99ರಷ್ಟು ಭಾಗ ಕಾಲ ಕೆಳಗೆ ಉಳಿದಿರುತ್ತದೆ. ಬೆಳಕನ್ನು ಚದುರಿಸಿ ಆಕಾಶಕ್ಕೆ ನೀಲಿ ಬಣ್ಣ ನೀಡುವುದು ಗಾಳಿಯೇ. ಗಾಳಿಯೇ ವಿರಳವಾದಾಗ ಹಗಲಿನಲ್ಲೂ ಆಕಾಶ ಕಪ್ಪಾಗಿ ಕಾಣುವುದು ಸಹಜ. ಅಲ್ಲಿಂದ ದಿಗಂತವು 600 ಕಿ.ಮೀ.ಗೂ ಹೆಚ್ಚು ದೂರವಿರುತ್ತದೆ.

ಶತಮಾನ ಮೀರಿದ ಹಿನ್ನೆಲೆ

ಮಾನವರಹಿತ ಬಲೂನುಗಳಲ್ಲಿ ಉಪಕರಣ ಕಟ್ಟಿ ಹಾರಿಸುವ ಪ್ರಯೋಗಗಳು ಫ್ರಾನ್ಸ್‌ನಲ್ಲಿ 1892ರಲ್ಲಿ ಆರಂಭಗೊಂಡವು. ಜರ್ಮನಿಯ ರಿಚರ್ಡ್ ಅಸ್ಮನ್ 1901ರ ಹೊತ್ತಿಗೆ ಕಾಗದದ ಬಲೂನಿನ ಬದಲು ಹಿಗ್ಗುವ ರಬ್ಬರ್ ಬಲೂನನ್ನು ಬಳಕೆಗೆ ತಂದರು. ಮೇಲೇರಿದಂತೆ ಹಿಗ್ಗುತ್ತ ಹೋಗಿ, ಕೊನೆಗೆ ಒಡೆದು, ಪ್ಯಾರಾಚೂಟ್ ಮೂಲಕ ಉಪಕರಣವನ್ನು ಇಳಿಸುವ ಆ ವಿಧಾನವೇ ಇಂದಿಗೂ ಚಾಲ್ತಿಯಲ್ಲಿದೆ. ಅಸ್ಮನ್ ಹಾಗೂ ಫ್ರಾನ್ಸ್‌ನ ಟೀಸರಾಂಕ್ ದ ಬೋರ್ ಅವರ ಪ್ರಯೋಗಗಳಿಂದಾಗಿ, ಎತ್ತರ ಹೆಚ್ಚಿದಂತೆ ಕುಸಿಯುವ ಉಷ್ಣತೆ ಒಂದು ಹಂತದಲ್ಲಿ ಕುಸಿಯುವುದನ್ನು ನಿಲ್ಲಿಸುತ್ತದೆ ಎಂಬುದು 1902ರಲ್ಲಿ ಬೆಳಕಿಗೆ ಬಂತು. ಸ್ತರಗೋಳದ ಇರವು ಹೀಗೆ ಬಲೂನುಗಳಿಂದಲೇ ಪತ್ತೆಯಾಯಿತು.

ಭೂಮಿಯ ಬಾಗನ್ನು ತೋರಿಸಿದ ಆರಂಭಿಕ ಛಾಯಾಚಿತ್ರಗಳಲ್ಲಿ ಕೆಲವು ಬಲೂನಿನ ಕೊಡುಗೆಯೇ. 1935ರ ನವೆಂಬರ್ 11ರಂದು ಅಮೆರಿಕದ ದಕ್ಷಿಣ ಡಕೋಟಾದಿಂದ ಆಲ್ಬರ್ಟ್ ಸ್ಟೀವನ್ಸ್ ಮತ್ತು ಆರ್ವಿಲ್ ಆ್ಯಂಡರ್ಸನ್ ಎಂಬ ಸೇನಾಧಿಕಾರಿಗಳು ಎಕ್ಸ್‌ಪ್ಲೋರರ್-2 ಬಲೂನಿನಲ್ಲಿ 22,066 ಮೀಟರ್ ಎತ್ತರಕ್ಕೆ ಏರಿ ಈ ಚಿತ್ರಗಳನ್ನು ಸೆರೆಹಿಡಿದರು. ಅಂದು ದೈತ್ಯ ಬಲೂನು, ಮೊಹರು ಮಾಡಿದ ಲೋಹದ ಗೋಳ ಹಾಗೂ ಸೇನೆಯ ನೆರವು ಬೇಕಾಗಿದ್ದ ಕೆಲಸವನ್ನು ಇಂದು ಒಂದು ಕಿಲೋಗ್ರಾಂ ತೂಕದ ಪೆಟ್ಟಿಗೆ ಮಾಡುತ್ತಿದೆ.

ಈ ಇತಿಹಾಸದಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ ಅವರ ತಂಡ 1939-40ರ ಚಳಿಗಾಲದಲ್ಲಿ ಭಾರತಕ್ಕೆ ಬಂದು ಬೆಂಗಳೂರು, ಆಗ್ರಾ ಹಾಗೂ ಪೇಷಾವರಗಳಿಂದ ಬಲೂನುಗಳನ್ನು ಹಾರಿಸಿತು. ಭೂಕಾಂತ ಸಮಭಾಜಕದ ಸಮೀಪ ಕಾಸ್ಮಿಕ್ ಕಿರಣಗಳ ತೀವ್ರತೆಯನ್ನು ಅಳೆಯುವುದು ಅದರ ಉದ್ದೇಶವಾಗಿತ್ತು. ತಂಡದಲ್ಲಿದ್ದ ವಿಲಿಯಂ ಪಿಕರಿಂಗ್ ಮುಂದೆ ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ನಿರ್ದೇಶಕರಾಗಿ, 1958ರಲ್ಲಿ ಆ ದೇಶದ ಮೊದಲ ಉಪಗ್ರಹದ ಯಶಸ್ಸಿನಲ್ಲಿ ಪಾಲು ಪಡೆದರು ಎಂಬುದು ಗಮನಾರ್ಹ.

ಹವ್ಯಾಸಿಗಳ ಪ್ರವೇಶ

ಆಧುನಿಕ ಹವ್ಯಾಸಿ ಬಲೂನು ಯಾನಕ್ಕೆ ನಾಂದಿ ಹಾಡಿದವರು ಹ್ಯಾಮ್ ರೇಡಿಯೋ ಬಳಗದವರು. ಅಮೆರಿಕದ ಓಹಾಯೋ ರಾಜ್ಯದ ಫಿಂಡ್ಲೆಯಿಂದ 1987ರ ಆಗಸ್ಟ್‌ನಲ್ಲಿ ಬಿಲ್ ಬ್ರೌನ್ ಅವರು ದೂರದರ್ಶನ ಪ್ರಸಾರಕವನ್ನು ಹೊತ್ತ ಬಲೂನನ್ನು ಹಾರಿಸಿ, ನೇರ ದೃಶ್ಯಗಳನ್ನು ನೆಲದ ಮೇಲೆ ಪಡೆದರು. ಆದರೆ ಪೆಟ್ಟಿಗೆ ಎಲ್ಲಿ ಬಿತ್ತೆಂದು ತಿಳಿಯುವುದು ಆಗ ಕಷ್ಟವಾಗಿತ್ತು. ಜಿಪಿಎಸ್ ಗ್ರಾಹಕಗಳು ಅಗ್ಗವಾದ ಬಳಿಕ, ಡಿಜಿಟಲ್ ಕ್ಯಾಮೆರಾಗಳು ಹಗುರವಾದ ಬಳಿಕ ಚಿತ್ರಣವೇ ಬದಲಾಯಿತು.

ಬ್ರಿಟನ್ನಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನೋವಾ-1 ಬಲೂನು 2006ರ ಸೆಪ್ಟೆಂಬರ್‌ನಲ್ಲಿ 32 ಕಿ.ಮೀ. ಎತ್ತರದಿಂದ ಚಿತ್ರಗಳನ್ನು ತಂದಿತು. ಸ್ಪೇನ್‌ನ ಕ್ಯಾಟಲೋನಿಯಾದ ಶಾಲೆಯೊಂದರ ಮಕ್ಕಳು 2009ರ ಫೆಬ್ರವರಿಯಲ್ಲಿ 30 ಕಿ.ಮೀ. ದಾಟಿದರು. 2012ರ ಜನವರಿಯಲ್ಲಿ ಕೆನಡಾದ ಟೊರಾಂಟೊದ ಇಬ್ಬರು ಹದಿಹರೆಯದವರು ರಾಷ್ಟ್ರಧ್ವಜ ಹಿಡಿದ ಲೆಗೊ ಗೊಂಬೆಯನ್ನು ಸುಮಾರು 24 ಕಿ.ಮೀ. ಎತ್ತರಕ್ಕೆ ಕಳುಹಿಸಿ ಮನೆಮಾತಾದರು. ಅದೇ ವರ್ಷದ ಜುಲೈನಲ್ಲಿ ಬ್ರಿಟನ್ನಿನ ಡೇವ್ ಅಕರ್ಮನ್ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನು 40 ಕಿ.ಮೀ. ಸಮೀಪಕ್ಕೆ ಹಾರಿಸಿ, ಹಾರಾಟದ ವೇಳೆಯಲ್ಲೇ ಚಿತ್ರಗಳನ್ನು ರೇಡಿಯೋ ಮೂಲಕ ಇಳಿಸಿಕೊಂಡರು.

ಹಾರುವ ಬಗೆ

ಒಂದು ಘನ ಮೀಟರ್ ಹೀಲಿಯಂ ಸುಮಾರು ಒಂದು ಕಿಲೋಗ್ರಾಂ ತೂಕವನ್ನು ಎತ್ತಬಲ್ಲದು. ಬಲೂನು, ಪ್ಯಾರಾಚೂಟ್ ಹಾಗೂ ಪೆಟ್ಟಿಗೆಯ ಒಟ್ಟು ತೂಕಕ್ಕಿಂತ ತುಸು ಹೆಚ್ಚು ಎತ್ತುವಷ್ಟು ಅನಿಲ ತುಂಬಿದರೆ ಬಲೂನು ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಏರುತ್ತದೆ. ಈ ಲೆಕ್ಕದಲ್ಲಿ 30 ಕಿ.ಮೀ. ಏರಲು ಒಂದೂ ಮುಕ್ಕಾಲು ಗಂಟೆಗೆ ಸಮೀಪದ ಸಮಯ ಹಿಡಿಯುತ್ತದೆ.

ಬಲೂನನ್ನು ಪೂರ್ತಿ ಬಿಗಿಯಾಗಿ ತುಂಬುವುದಿಲ್ಲ ಏಕೆ? 30 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಮೇಲಿನ ಒತ್ತಡದ ಶೇ. 1ರ ಆಸುಪಾಸಿಗೆ ಇಳಿಯುತ್ತದೆ. ಒಳಗಿನ ಅನಿಲ ಹಿಗ್ಗಿ, ಅದರ ಗಾತ್ರ 60 ಪಟ್ಟಿಗೂ ಮಿಗಿಲಾಗುತ್ತದೆ. ನೆಲದಲ್ಲಿ 2 ಮೀಟರ್ ಅಡ್ಡಳತೆಯಿದ್ದ ಲೇಟೆಕ್ಸ್ ಬಲೂನು ಮೇಲೆ 8 ಮೀಟರ್‌ಗೆ ಬೆಳೆಯುತ್ತದೆ. ಇನ್ನು ಹಿಗ್ಗಲಾಗದ ಸ್ಥಿತಿಯಲ್ಲಿ ಅದು ಒಡೆಯುತ್ತದೆ. ಅನಿಲ ಹೆಚ್ಚು ತುಂಬಿದರೆ ಬಲೂನು ಬೇಗನೆ ಏರಿ, ಕಡಿಮೆ ಎತ್ತರದಲ್ಲೇ ಒಡೆದುಹೋಗುತ್ತದೆ. ತೀರ ಕಡಿಮೆಯಾದರೆ ಒಡೆಯದೆಯೇ ಗಂಟೆಗಟ್ಟಲೆ ತೇಲುತ್ತ ನೂರಾರು ಕಿ.ಮೀ. ದೂರ ಹೋಗಬಹುದು. ಆದ್ದರಿಂದ ಅನಿಲದ ಅಳತೆಯೇ ಇಡೀ ಯಾನದ ಕೀಲಿಕೈ.

ಬಲೂನು ಒಡೆದೊಡನೆ ಪ್ಯಾರಾಚೂಟ್ ಬಿಚ್ಚಿಕೊಂಡಿದ್ದರೂ ಅದಕ್ಕೆ ಹಿಡಿತ ಸಿಗುವಷ್ಟು ಗಾಳಿ ಅಲ್ಲಿರುವುದಿಲ್ಲ. ನೆಲದ ಬಳಿ ಗಂಟೆಗೆ 18 ಕಿ.ಮೀ. ವೇಗದಲ್ಲಿ ಇಳಿಯುವಂತೆ ರೂಪಿಸಿದ ಪೆಟ್ಟಿಗೆ ಆರಂಭದಲ್ಲಿ ಗಂಟೆಗೆ 150 ಕಿ.ಮೀ. ಆಸುಪಾಸಿನ ವೇಗದಲ್ಲಿ ಬೀಳುತ್ತದೆ. ಗಾಳಿ ದಟ್ಟವಾದಂತೆ ವೇಗ ತಗ್ಗುತ್ತದೆ.

ಅನಿಲದ ಆಯ್ಕೆಯೂ ಮುಖ್ಯ. ಜಲಜನಕ ಅಗ್ಗ, ಎತ್ತುವ ಶಕ್ತಿಯೂ ತುಸು ಹೆಚ್ಚು. ಆದರೆ ಒಂದು ಕಿಡಿ ತಗಲಿದರೂ ಹೊತ್ತಿಕೊಳ್ಳುವ ಅನಿಲವದು. ಹೀಲಿಯಂ ಸುರಕ್ಷಿತವಾದರೂ ದುಬಾರಿ. ಭಾರತವಂತೂ ತನಗೆ ಬೇಕಾದ ಹೀಲಿಯಂಗೆ ಬಹುಪಾಲು ಆಮದನ್ನೇ ನೆಚ್ಚಿಕೊಂಡಿದೆ.

ಚಳಿಯಲ್ಲಿ ಕ್ಯಾಮೆರಾ

ಪರಿವರ್ತನಗೋಳದ ಮೇಲಂಚಿನಲ್ಲಿ ಉಷ್ಣತೆ ಮೈನಸ್ 50 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿಯುತ್ತದೆ. ಕರ್ನಾಟಕದಂಥ ಉಷ್ಣವಲಯದಲ್ಲಿ ಈ ಅಂಚು 16-17 ಕಿ.ಮೀ. ಎತ್ತರದಲ್ಲಿದ್ದು, ಅಲ್ಲಿ ಚಳಿ ಮೈನಸ್ 80 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ. ಸಾಮಾನ್ಯ ಬ್ಯಾಟರಿಗಳು ಇಲ್ಲಿ ಕೈಕೊಡುತ್ತವೆ. ಚಳಿ ತಾಳುವ ಲಿಥಿಯಂ ಬ್ಯಾಟರಿ ಹಾಗೂ ಥರ್ಮೋಕೋಲ್ ಹೊದಿಕೆಯ ಬಳಕೆಗೆ ಇದೇ ಕಾರಣ.

ಚಿತ್ರಗಳಲ್ಲಿ ಕಾಣುವ ಭೂಮಿಯ ಬಾಗು ಎಷ್ಟು ನಿಜ? ಬಾಗು ನಿಜವೇ, ಆದರೆ ಬಹಳಷ್ಟು ಚಿತ್ರಗಳಲ್ಲಿ ಅದು ಉತ್ಪ್ರೇಕ್ಷಿತ. ವಿಶಾಲ ಕೋನದ ಮಸೂರಗಳು ನೇರ ಗೆರೆಯನ್ನೂ ಬಾಗಿಸಿ ತೋರಿಸುತ್ತವೆ. ಪೆಟ್ಟಿಗೆ ತೂಗಾಡುವಾಗ ದಿಗಂತ ಚೌಕಟ್ಟಿನ ಮೇಲ್ಭಾಗಕ್ಕೆ ಬಂದರೆ ಒಂದು ಬಗೆಯಾಗಿ, ಕೆಳಭಾಗಕ್ಕೆ ಬಂದರೆ ಅದಕ್ಕೆ ವಿರುದ್ಧವಾಗಿ ಬಾಗುವುದನ್ನು ದೃಶ್ಯಗಳಲ್ಲಿ ಕಾಣಬಹುದು. ದಿಗಂತ ಚೌಕಟ್ಟಿನ ನಟ್ಟನಡುವೆ ಹಾದುಹೋಗುವ ಚಿತ್ರದಲ್ಲಿ ಉಳಿಯುವ ಅಲ್ಪ ಬಾಗೇ ಸತ್ಯಕ್ಕೆ ಹತ್ತಿರವಾದುದು.

ಬಿದ್ದದ್ದನ್ನು ಹುಡುಕುವುದು

ಹಾರಿಸುವುದಕ್ಕಿಂತ ಹುಡುಕುವುದೇ ಕಠಿಣ ಎಂಬುದು ಅನುಭವಿಗಳ ಅಭಿಪ್ರಾಯ. ಮೇಲಿನ ಗಾಳಿಯ ಮುನ್ಸೂಚನೆಯನ್ನು ಆಧರಿಸಿ ಪೆಟ್ಟಿಗೆ ಬೀಳುವ ತಾಣವನ್ನು ಮುಂಚಿತವಾಗಿಯೇ ಲೆಕ್ಕ ಹಾಕಲಾಗುತ್ತದೆ. ಆದರೂ ಹತ್ತಾರು ಕಿ.ಮೀ. ವ್ಯತ್ಯಾಸ ಬರುವುದುಂಟು.

ಜಿಪಿಎಸ್ ಕೂಡ ಸದಾ ನಂಬಿಕಸ್ಥನಲ್ಲ. ಕ್ಷಿಪಣಿಗಳಲ್ಲಿ ದುರ್ಬಳಕೆಯಾಗದಿರಲೆಂದು ವಿಧಿಸಿದ ಮಿತಿಯಿಂದಾಗಿ ಅನೇಕ ಗ್ರಾಹಕಗಳು 18 ಕಿ.ಮೀ. ಮೇಲೆ ಕೆಲಸ ನಿಲ್ಲಿಸುತ್ತವೆ. ಮೊಬೈಲ್ ಫೋನಿಗೆ ಮೇಲೆ ಸಂಕೇತವೇ ಸಿಗುವುದಿಲ್ಲ. ಬಿದ್ದ ಜಾಗದಲ್ಲಿ ಗೋಪುರವಿಲ್ಲದಿದ್ದರೆ ಕೆಳಗೂ ಸಿಗುವುದಿಲ್ಲ. ಆದ್ದರಿಂದ ಅನುಭವಿಗಳು ಎತ್ತರಕ್ಕೆ ಒಗ್ಗುವ ಗ್ರಾಹಕವನ್ನೂ ಪ್ರತ್ಯೇಕ ರೇಡಿಯೋ ಪ್ರಸಾರಕವನ್ನೂ ಬಳಸುತ್ತಾರೆ.

ಅಮೆರಿಕದ ಅರಿಜೋನಾದಲ್ಲಿ 2013ರ ಜೂನ್‌ನಲ್ಲಿ ವಿದ್ಯಾರ್ಥಿಗಳ ಗುಂಪೊಂದು ಹಾರಿಸಿದ ಬಲೂನು ಇದಕ್ಕೆ ನಿದರ್ಶನ. ಫೋನಿನ ಸಂಕೇತ ಬಾರದೆ ಪೆಟ್ಟಿಗೆ ಕಳೆದೇಹೋಯಿತು. ಎರಡು ವರ್ಷಗಳ ಬಳಿಕ ಮರುಭೂಮಿಯಲ್ಲಿ ನಡೆದು ಹೋಗುತ್ತಿದ್ದ ಮಹಿಳೆಯೊಬ್ಬರಿಗೆ ಅದು ಸಿಕ್ಕಿತು. ಅವರು ದೂರವಾಣಿ ಕಂಪನಿಯ ಉದ್ಯೋಗಿಯಾಗಿದ್ದುದರಿಂದ ಫೋನಿನ ಸಿಮ್ ಕಾರ್ಡ್ ಮೂಲಕ ಮಾಲೀಕರನ್ನು ಪತ್ತೆ ಹಚ್ಚುವುದು ಸಾಧ್ಯವಾಯಿತು. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಅಪೂರ್ವ ದೃಶ್ಯಗಳು ಅದರಲ್ಲಿ ಹಾಗೆಯೇ ಉಳಿದಿದ್ದವು.

ಆಕಾಶ ಎಲ್ಲರದು

ಪ್ರಯಾಣಿಕ ವಿಮಾನಗಳು 10ರಿಂದ 12 ಕಿ.ಮೀ. ಎತ್ತರದಲ್ಲಿ ಹಾರುತ್ತವೆ. ಪ್ರತಿ ಬಲೂನೂ ಈ ಪದರವನ್ನು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಹಾದುಹೋಗಲೇಬೇಕು. ಅದಕ್ಕೆ ಚುಕ್ಕಾಣಿಯಿಲ್ಲ, ಬ್ರೇಕ್ ಇಲ್ಲ. ಅಮೆರಿಕದ ನಿಯಮಗಳ ಪ್ರಕಾರ ಸುಮಾರು 2.7 ಕಿಲೋಗ್ರಾಂಗಿಂತ ಹಗುರವಾದ ಪೆಟ್ಟಿಗೆ ಹೊತ್ತ ಬಲೂನುಗಳಿಗೆ ಹೆಚ್ಚಿನ ನಿರ್ಬಂಧಗಳಿಂದ ವಿನಾಯಿತಿ ಇದೆ. ಹಗುರವಾದ, ಮೃದುವಾದ ವಸ್ತು ವಿಮಾನಕ್ಕೆ ದೊಡ್ಡ ಹಾನಿ ಮಾಡಲಾರದು ಎಂಬುದೇ ಈ ವಿನಾಯಿತಿಯ ಹಿಂದಿರುವ ತರ್ಕ.

2025ರ ಅಕ್ಟೋಬರ್ 16ರ ಘಟನೆ ಈ ತರ್ಕವನ್ನೇ ಒರೆಗೆ ಹಚ್ಚಿತು. ಡೆನ್ವರ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಮುಂಗಾಜು ಯೂಟಾ ರಾಜ್ಯದ ಮೇಲೆ, ಸುಮಾರು 36,000 ಅಡಿ ಎತ್ತರದಲ್ಲಿ ಜಖಂಗೊಂಡಿತು. ಗಾಜಿನ ಚೂರುಗಳಿಂದ ಪೈಲಟ್ ಗಾಯಗೊಂಡರು. ವಿಮಾನ ಸಾಲ್ಟ್ ಲೇಕ್ ಸಿಟಿಯಲ್ಲಿ ಸುರಕ್ಷಿತವಾಗಿ ಇಳಿಯಿತು. ಡಿಕ್ಕಿ ಹೊಡೆದದ್ದು ವಿಂಡ್‌ಬೋರ್ನ್ ಎಂಬ ಖಾಸಗಿ ಹವಾಮಾನ ಸಂಸ್ಥೆಯ ಬಲೂನು. ಹಾರಿಸುವಾಗ ಅದರ ತೂಕ ಕೇವಲ 1.1 ಕಿಲೋಗ್ರಾಂ. ಅದು ಹವ್ಯಾಸಿಗಳದ್ದಾಗಿರಲಿಲ್ಲ ನಿಜ. ಆದರೆ ಹವ್ಯಾಸಿಗಳ ಪೆಟ್ಟಿಗೆಗಳ ತೂಕವೂ ಅದೇ ಮಟ್ಟದ್ದು ಎಂಬುದನ್ನು ಮರೆಯುವಂತಿಲ್ಲ.

ಬ್ರಿಟನ್ನಿನಲ್ಲಿ ಹಾರಾಟಕ್ಕೆ ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿ ಅಗತ್ಯ. ಭಾರತದಲ್ಲಿ 1934ರ ವಿಮಾನ ಕಾಯ್ದೆಯ ವ್ಯಾಖ್ಯೆಯಲ್ಲೇ ಬಲೂನು ಸೇರಿತ್ತು. 2025ರ ಜನವರಿ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ, 2024 ಜಾರಿಯಲ್ಲಿದೆ. ವಿಮಾನಯಾನ ಅಧಿಕಾರಿಗಳ ಒಪ್ಪಿಗೆ ಪಡೆಯದೆ, ಪೈಲಟ್‌ಗಳಿಗೆ ಮುನ್ಸೂಚನೆ ಹೋಗದೆ ಬಲೂನು ಬಿಡುವುದು ಇಲ್ಲಿ ಸಲ್ಲದು. ಹ್ಯಾಮ್ ರೇಡಿಯೋ ಬಳಕೆಗೂ ಪರವಾನಗಿ ಕಡ್ಡಾಯ.

ನಮ್ಮಲ್ಲಿ ಬಲೂನು

ಬಲೂನು ವಿಜ್ಞಾನ ಭಾರತಕ್ಕೆ ಹೊಸತಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ಹೈದರಾಬಾದ್‌ನಲ್ಲಿದ್ದು, ಅಲ್ಲಿಂದ ಬೃಹತ್ ಪಾಲಿಥಿನ್ ಬಲೂನುಗಳನ್ನು ದಶಕಗಳಿಂದ ಹಾರಿಸಲಾಗುತ್ತಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು 2010ರ ದಶಕದಲ್ಲಿ ಹೊಸಕೋಟೆಯ ತಮ್ಮ ಆವರಣದಿಂದ ಹವ್ಯಾಸಿಗಳು ಬಳಸುವಂಥ ಲೇಟೆಕ್ಸ್ ಬಲೂನುಗಳನ್ನೇ ಹಾರಿಸಿ, ಕಡಿಮೆ ವೆಚ್ಚದ ಖಗೋಳ ಉಪಕರಣಗಳನ್ನು ಪರೀಕ್ಷಿಸಿದ್ದಾರೆ. ಉಪಗ್ರಹದಲ್ಲಿ ಕಳುಹಿಸುವ ಮುನ್ನ ಉಪಕರಣವನ್ನು ಚಳಿ ಹಾಗೂ ನಿರ್ವಾತಸದೃಶ ಸ್ಥಿತಿಗೆ ಒಡ್ಡಿ ನೋಡಲು ಇದಕ್ಕಿಂತ ಅಗ್ಗದ ಮಾರ್ಗ ವಿರಳ.

ಇಲ್ಲಿನ ಭೂಗೋಳ ತನ್ನದೇ ಷರತ್ತುಗಳನ್ನು ಒಡ್ಡುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ ಸುಮಾರು 15 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ರಭಸದ ಜೆಟ್ ಗಾಳಿ ಬೀಸುತ್ತದೆ. ಆಗ ಕರಾವಳಿಯ ಸಮೀಪದಿಂದ ಹಾರಿದ ಪೆಟ್ಟಿಗೆ ಅರಬ್ಬೀ ಸಮುದ್ರದ ಪಾಲಾದರೆ ಅಚ್ಚರಿಯಿಲ್ಲ. ಮಲೆನಾಡಿನ ದಟ್ಟ ಕಾಡಿನಲ್ಲಿ ಬಿದ್ದರೂ ಹುಡುಕುವುದು ದುಸ್ತರ.

ಹವಾಮಾನ ಇಲಾಖೆಯ ಬಲೂನುಗಳೂ ಇದೇ ಬಗೆಯಲ್ಲಿ ಏರಿ, ಒಡೆದು, ಬೀಳುತ್ತವೆ. ಹೊಲಗದ್ದೆಯಲ್ಲಿ ರಬ್ಬರ್ ಚೂರು, ದಾರ ಹಾಗೂ ಬಿಳಿ ಪೆಟ್ಟಿಗೆ ಕಂಡಾಗ ಗಾಬರಿಗೊಳ್ಳುವ ಬದಲು, ಅದನ್ನು ಮುಟ್ಟದೆ ಪೊಲೀಸರಿಗೆ ತಿಳಿಸುವುದು ಲೇಸು. ಹಾರಿಸುವವರು ಪೆಟ್ಟಿಗೆಯ ಮೇಲೆ ಅದರೊಳಗೇನಿದೆ, ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಸ್ಥಳೀಯ ಭಾಷೆಯಲ್ಲಿ ಸ್ಪಷ್ಟವಾಗಿ ಬರೆದಿಟ್ಟರೆ ಅರ್ಧ ಗೊಂದಲ ಅಲ್ಲಿಯೇ ನಿವಾರಣೆಯಾಗುತ್ತದೆ.