ಲಾರ್ಡ್ಸ್ ಮೈದಾನ ಉಳಿಸಿದ ವಿಲಿಯಂ ವಾರ್ಡ್

ವಿಲಿಯಂ ವಾರ್ಡ್ (1787–1849) ಇಂಗ್ಲೆಂಡಿನ ಹವ್ಯಾಸಿ ಕ್ರಿಕೆಟಿಗ. ಲಂಡನ್ನಿನ ವ್ಯಾಪಾರಿ ಜಾರ್ಜ್ ವಾರ್ಡ್ ಅವರ ಮಗ. 1817ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ನಿರ್ದೇಶಕರಾದರು. 1820ರ ಜುಲೈನಲ್ಲಿ ನಾರ್ಫೋಕ್ ವಿರುದ್ಧ ಎಂಸಿಸಿ ಪರ 278 ರನ್ ಹೊಡೆದರು. ಲಾರ್ಡ್ಸ್‌ನಲ್ಲಿ ಈ ದಾಖಲೆ ಮುರಿಯಲು 1925ರಲ್ಲಿ ಪರ್ಸಿ ಹೋಮ್ಸ್ ಬರಬೇಕಾಯಿತು.

ಆದರೆ ವಾರ್ಡ್ ಅವರನ್ನು ನೆನೆಯಬೇಕಾದದ್ದು ರನ್ನಿಗಿಂತ ಹೆಚ್ಚಾಗಿ ಹಣಕ್ಕೆ. 1825ರಲ್ಲಿ ಥಾಮಸ್ ಲಾರ್ಡ್ ಮೈದಾನದ ಬಹುಪಾಲು ಜಾಗದಲ್ಲಿ ಮನೆ ಕಟ್ಟಿಸಲು ಹೊರಟಿದ್ದರು. ವಾರ್ಡ್ 5,000 ಪೌಂಡ್ ಕೊಟ್ಟು ಗುತ್ತಿಗೆಯನ್ನು ತಾವೇ ಕೊಂಡರು. ಇಲ್ಲವಾದರೆ ಇಂದು ಅಲ್ಲಿ ಬರೀ ಬೀದಿಗಳಿರುತ್ತಿದ್ದವು. ಅದೇ ವರ್ಷ ಪೆವಿಲಿಯನ್ನಿಗೆ ಬೆಂಕಿ ಬಿದ್ದು ಹಳೆಯ ಸ್ಕೋರ್ ಪುಸ್ತಕಗಳೆಲ್ಲ ಬೂದಿಯಾದವು.

1826ರಿಂದ 1831ರವರೆಗೆ ಅವರು ಲಂಡನ್ ಸಿಟಿಯ ಸಂಸದರೂ ಆಗಿದ್ದರು. 1835ರಲ್ಲಿ ಗುತ್ತಿಗೆ ಜೇಮ್ಸ್ ಡಾರ್ಕ್ ಕೈಗೆ ಹೋಯಿತು. ಎಂಸಿಸಿ ಆ ಜಾಗವನ್ನು ಸ್ವಂತಕ್ಕೆ ಕೊಂಡದ್ದು 1866ರಲ್ಲಿ.